ರಾತ್ರಿ ಎದ್ದು ದೋಣಿ ತೊಳೆಯುವವರು

2021ರ ಜುಲೈ ಇದು. ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಸಡಿಲವಾಗಿ ಒಂದೊಂದೇ ವ್ಯವಹಾರ ಬಾಗಿಲು ತೆಗೆಯುತ್ತಿದೆ. ನನ್ನ ಬಳಿ ಆಪ್ತಸಲಹೆಗೆ ಬರುವವರಲ್ಲಿ ಈಗ ಜೀಪು ಓಡಿಸುವವರು, ಬಾದಾಮಿ ಐಹೊಳೆ ತೋರಿಸುವ ಗೈಡ್‌ಗಳು, ಖಾನಾವಳಿ ನಡೆಸುವವರು, ಮದುವೆ ಫೋಟೊ ತೆಗೆಯುವವರೇ ಹೆಚ್ಚು. ಸರಕಾರ ಅನುಮತಿ ಕೊಟ್ಟಾಗಿದೆ, ಸಾಲದ ಕಂತು ಕಾಯುತ್ತಿದೆ, ಆದರೂ ಇವರಿಗೆ ರಾತ್ರಿ ನಿದ್ದೆ ಇಲ್ಲ. ‘ಸ್ವಲ್ಪ ಧೈರ್ಯ ಹೇಳ್ರಿ’ ಅಂತ ಕೇಳುತ್ತಾರೆ. ಇಂಥ ಹೊತ್ತಿನಲ್ಲಿ ಬರೀ ಧೈರ್ಯ ಹೇಳಿ ಕಳಿಸಬಾರದು ಎಂಬುದು ನನ್ನ ಖಚಿತ ನಿಲುವು. ಕಾರಣ ತಿಳಿಯಲಿ ಎಂದು ಕಳೆದ ವರ್ಷದ ಒಂದು ಪ್ರಕರಣವನ್ನು ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಹಣದ ಮೊತ್ತ ಬದಲಿಸಿದೆ.

ಮಲ್ಲಪ್ಪ ಎನ್ನೋಣ. ಆಲಮಟ್ಟಿ ಹಿನ್ನೀರಿನ ಬಾಗಲಕೋಟೆ ಕಡೆಯ ದಂಡೆಯವರು. ಮನೆತನದ ಹೊಲ ಮುಳುಗಡೆಯಲ್ಲಿ ಹೋಗಿದೆ, ಅದೇ ನೀರಿನ ಮೇಲೆ ಈಗ ದುಡಿಮೆ. ಪುಣೆ, ಸೊಲ್ಲಾಪುರ, ಹುಬ್ಬಳ್ಳಿಯಿಂದ ಗಾಳ ಹಾಕುವ ಹವ್ಯಾಸದವರು ಬರುತ್ತಾರೆ. ಅವರನ್ನು ಹದಿನೆಂಟು ಅಡಿಯ ಫೈಬರ್ ದೋಣಿಯಲ್ಲಿ ಕರೆದೊಯ್ದು, ಕಾಟ್ಲಾ, ರೋಹು, ಬಾಳೆಮೀನು ಸಿಗುವ ಜಾಗ ತೋರಿಸಿ, ಹಿಡಿದ ಮೀನನ್ನು ಫೋಟೊ ತೆಗೆದ ಮೇಲೆ ನೀರಿಗೆ ಬಿಡಿಸುವುದು ಇವರ ಕೆಲಸ. 2019ರ ಆಗಸ್ಟ್‌ನ ಪ್ರವಾಹಕ್ಕೆ ಒಂದು ಹಂಗಾಮು ಹೋಯಿತು, 2020ರ ಮಾರ್ಚ್‌ನ ಲಾಕ್‌ಡೌನ್‌ಗೆ ಇನ್ನೊಂದು. ರಿಸರ್ವ್ ಬ್ಯಾಂಕ್ ಕೊಟ್ಟಿದ್ದ ಕಂತು ಮುಂದೂಡುವ ರಿಯಾಯಿತಿ 2020ರ ಆಗಸ್ಟ್ 31ಕ್ಕೆ ಮುಗಿದು, ಸೆಪ್ಟೆಂಬರ್‌ನಿಂದ ಎಂಜಿನ್ ಸಾಲದ ಕಂತು ಮತ್ತೆ ಶುರುವಾಯಿತು. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅವ್ವ. ದೋಣಿ ಇಳಿಸಲೇಬೇಕಿತ್ತು, ಇಳಿಸಿದರು.

ಅವರನ್ನು ಕಳಿಸಿದ್ದು ಊರಿನ ಆಶಾ ಕಾರ್ಯಕರ್ತೆ, ಅದೂ ಕೈ ನೋಡಿ. ಬೆರಳ ಗೆಣ್ಣಿನ ಮೇಲೆ ಚರ್ಮ ಒಣಗಿ ಬಿಳಿ ಗೆರೆಯಾಗಿ ಬಿರಿದಿತ್ತು, ಉಗುರಿನ ಸುತ್ತ ಸಿಪ್ಪೆ ಎದ್ದಿತ್ತು. ಬ್ಲೀಚಿಂಗ್ ಪುಡಿಯನ್ನು ಅಳತೆ ಇಲ್ಲದೆ ಹಿಡಿಗಟ್ಟಲೆ ಬಕೆಟ್‌ಗೆ ಸುರಿದು, ಕೈಗವಸಿಲ್ಲದೆ ದೋಣಿ ತೊಳೆಯುತ್ತಿದ್ದರು. ಟ್ರಿಪ್ಪಿಗೆ ಮೊದಲು, ಟ್ರಿಪ್ಪು ಮುಗಿದ ಮೇಲೆ, ಸಂಜೆ, ಕೆಲವು ದಿನ ನಡುರಾತ್ರಿ ಎದ್ದು. ಲೈಫ್ ಜಾಕೆಟ್‌ಗಳ ಬಣ್ಣ ಹೋಗಿತ್ತು, ಪಟ್ಟಿಗಳು ಬಿರುಸಾಗಿದ್ದವು. ಮೊದಲ ಭೇಟಿಯಲ್ಲಿ ಹೆಚ್ಚು ಮಾತಾಡಲಿಲ್ಲ. ‘ಸ್ವಚ್ಛ ಇಟ್ಟರ ಏನೂ ಆಗೂದಿಲ್ಲಲ್ರಿ?’ ಎಂದು ಎರಡು ಮೂರು ಸಲ ಕೇಳಿದರು. ಮುಂದಿನ ಭೇಟಿಗೆ ಹೆಂಡತಿಯನ್ನೂ ಕರೆತರಲು ಹೇಳಿದೆ.

ಆ ಎರಡನೇ ಭೇಟಿಯಲ್ಲೇ ವಿಷಯ ಹೊರಬಿತ್ತು. ಹೆದರಿಕೆಯ ಬಗ್ಗೆ ನಾನು ಕೇಳಲಿಲ್ಲ, ವ್ಯವಹಾರದ ಒಂದು ಸಂದರ್ಭ ಮುಂದಿಟ್ಟೆ. ‘ನಾಳೆ ನಸುಕಿಗೆ ಟ್ರಿಪ್ಪು ಐತಿ ಅನ್ಕೊಳ್ರಿ. ಇವತ್ತು ಸಂಜೆ ಗಿರಾಕಿ ಫೋನ್ ಮಾಡಿ, ಸ್ವಲ್ಪ ನೆಗಡಿ ಆಗೇದ, ಏನೂ ಇಲ್ಲ, ಬರ್ತೀವಿ ಅಂತಾರೆ. ನೀವು ಏನಂತೀರಿ?’

ಮಲ್ಲಪ್ಪ ಕೈ ನೋಡಿಕೊಳ್ಳುತ್ತ ಕುಳಿತರು. ಉತ್ತರ ಕೊಟ್ಟವರು ಹೆಂಡತಿ.

‘ಬರ್ರಿ ಅಂತಾರ್ರಿ ಅಕ್ಕಾರ. ಬರ್ರಿ ಅಂದು ಫೋನ್ ಇಡತಾರ, ಆಮ್ಯಾಲೆ ರಾತ್ರಿ ಎದ್ದು ಬೋಟ್ ತೊಳೀತಾರ.’

‘ಮತ್ತೇನ್ ಮಾಡ್ಲ್ರಿ?’ ಎಂದರು ಮಲ್ಲಪ್ಪ, ಸ್ವಲ್ಪ ಸಿಟ್ಟಿನಲ್ಲೇ. ‘ಸಾವಿರ ರೂಪಾಯಿ ಅಡ್ವಾನ್ಸ್ ತಗೊಂಡಿರ್ತೀನಿ. ಸಂಜೀಕ ಪೆಟ್ರೋಲ್ ತುಂಬಿಸಿರ್ತೀನಿ, ಹುಡುಗಗ ಬಾ ಅಂದಿರ್ತೀನಿ. ಬರೂ ಮಂದಿಗೆ ಬರಬ್ಯಾಡ್ರಿ ಅಂತ ಹೆಂಗ ಹೇಳೂದ್ರಿ? ನಮ್ಮ ಕಡೆ ಯಾರರೆ ಹಂಗ ಅಂತಾರೇನ್ರಿ?’

ಸೆಪ್ಟೆಂಬರ್ ಕೊನೆಗೆ ಅಂಥ ಟ್ರಿಪ್ಪು ಒಂದು ನಡೆದೂ ಇತ್ತು. ಹುಟ್ಟಿನ ಪಕ್ಕ ಕುಳಿತ ಒಬ್ಬರು ದಿನವಿಡೀ ಕೆಮ್ಮಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಮುಂದಿನ ಸಲವೂ ತಾನು ‘ಬರ್ರಿ’ ಎಂದೇ ಅನ್ನುವುದು ಎಂದು ಮಲ್ಲಪ್ಪನಿಗೆ ಒಳಗೊಳಗೇ ಗೊತ್ತಿತ್ತು, ಆ ‘ಬರ್ರಿ’ ಅವ್ವನ ಹಾಸಿಗೆಯ ತನಕ ಬರಬಹುದು ಎಂಬುದೂ ಗೊತ್ತಿತ್ತು. ಫೋನಿನಲ್ಲಿ ತಡೆಯಲಾಗದ್ದನ್ನು ಬಕೆಟ್ಟಿನಿಂದ ತಡೆಯಲು ಹೊರಟಿದ್ದರು. ಎಷ್ಟು ತೊಳೆದರೂ ಸಾಲದು ಅನ್ನಿಸುತ್ತಿದ್ದುದು ಅದಕ್ಕೇ.

ಇಂಥವರಿಗೆ ‘ಹೆದರಬೇಡಿ’ ಎಂದರೆ ಅವರು ಇನ್ನೂ ಸಲೀಸಾಗಿ ‘ಬರ್ರಿ’ ಅಂತಾರೆ. ಅವರ ಹೆದರಿಕೆ ಸರಿಯಾದದ್ದೇ ಹೇಳುತ್ತಿತ್ತು, ಅದನ್ನು ಸುಮ್ಮನಾಗಿಸುವುದು ನನ್ನ ಕೆಲಸವಾಗಿರಲಿಲ್ಲ. ‘ಬೇಡ’ ಎನ್ನುವುದು ಅವರಿಗೆ ಕಡಿಮೆ ಖರ್ಚಿನದಾಗಬೇಕಿತ್ತು. ಆ ಭೇಟಿಯ ಉಳಿದ ಹೊತ್ತು, ಅದರ ಮುಂದಿನ ಭೇಟಿಯೂ ಪೂರ್ತಿ, ಮೂವರೂ ಕೂತು ಲೆಕ್ಕ ಮಾಡಿದೆವು.

ಮೊದಲು ಅಡ್ವಾನ್ಸ್. ಸಾವಿರ ಮರಳಿ ಸಿಗುವುದಿಲ್ಲ ಎಂದರೆ ಜ್ವರ ಇದ್ದವನೂ ಕ್ರೋಸಿನ್ ನುಂಗಿ ಬಂದು ದೋಣಿ ಹತ್ತುತ್ತಾನೆ. ಅವನಿಂದ ಸುಳ್ಳು ಹೇಳಿಸುತ್ತಿರುವುದು ನಮ್ಮ ಷರತ್ತೇ. ಹಾಗಾಗಿ ಅಡ್ವಾನ್ಸ್ 500ಕ್ಕೆ ಇಳಿಯಿತು. ಕಾಯಿಲೆ ಎಂದರೆ ಹೊರಡುವ ದಿನ ಬೆಳಗಿನ ಐದರ ತನಕವೂ ತಾರೀಖು ಬದಲಿಸಬಹುದು, ಆರು ತಿಂಗಳೊಳಗೆ ಯಾವಾಗ ಬಂದರೂ ಹಣ ಜಮೆ. ವೈದ್ಯರ ಚೀಟಿ ಕೇಳುವುದಿಲ್ಲ. ಪೆಟ್ರೋಲ್ ಸಂಜೆ ತುಂಬಿಸುವುದು ಬಿಟ್ಟು, ಬೆಳಗಿನ ಫೋನ್ ಆದ ಮೇಲೆ ತುಂಬಿಸುವುದು.

ಫೋನಿನಲ್ಲಿ ಯಾವುದು ಮೊದಲು ಹೇಳುತ್ತೀರಿ ಎಂಬುದೂ ಮುಖ್ಯ. ‘ಜ್ವರ ಐತೇನ್ರಿ?’ ಎಂದು ಶುರು ಮಾಡಿದರೆ ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಮೊದಲು ‘ತಾರೀಖ ಬದಲಿ ಮಾಡಿದರ ರೊಕ್ಕ ಎಲ್ಲೂ ಹೋಗೂದಿಲ್ರಿ’ ಎಂದು ಹೇಳಿ, ಆಮೇಲೆ ಕೇಳಬೇಕು: ನಿಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಗಂಟಲು ನೋವು ಇದೆಯೇ, ವಾಸನೆ ರುಚಿ ಹೋಗಿದೆಯೇ, ಹದಿನಾಲ್ಕು ದಿನದಲ್ಲಿ ಸೋಂಕಿತರ ಹತ್ತಿರ ಇದ್ದಿರಾ? ಹಿಂದಿನ ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ. ಮಲ್ಲಪ್ಪನ ನಾಲಿಗೆಗೆ ‘ಬರಬ್ಯಾಡ್ರಿ’ ಒಗ್ಗಲೇ ಇಲ್ಲ. ಆ ಶಬ್ದ ಬಿಟ್ಟು ‘ನಿಮ್ಮ ತಾರೀಖ ಮುಂದ ಹಾಕೇನ್ರಿ, ಆರಾಮ ಆಗಿ ಬರ್ರಿ’ ಎಂಬ ಮಾತನ್ನು ಹೆಂಡತಿಯೇ ಕಟ್ಟಿಕೊಟ್ಟರು. ಅದನ್ನು ಅಲ್ಲೇ ಕೂತು, ಬಾಯಿಗೆ ಕೂಡುವ ತನಕ ಹೇಳಿಸಿದೆವು. ಇಂಥ ಅಭ್ಯಾಸ ಮಕ್ಕಳಾಟದಂತೆ ಕಾಣಬಹುದು, ಆದರೆ ಹೊತ್ತಿಗೆ ಬಾಯಿಗೆ ಬರುವುದು ರೂಢಿಯಾದ ಮಾತು ಮಾತ್ರ.

ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಅವರು ಬಹಳ ನೆಚ್ಚಿದ್ದರು. ಸೋಂಕು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಹರಡುತ್ತದೆ, ಎಷ್ಟೋ ಮಂದಿಗೆ ಜ್ವರ ಬರುವುದೇ ಇಲ್ಲ. ಬಿಸಿಲಲ್ಲಿ ನಿಂತವರ ಹಣೆ ಹೆಚ್ಚು ತೋರಿಸುತ್ತದೆ, ನಸುಕಿನ ತಂಗಾಳಿಯಲ್ಲಿ ಬೈಕ್ ಮೇಲೆ ಬಂದವರದು ಕಡಿಮೆ ತೋರಿಸುತ್ತದೆ. ಇರಲಿ, ಆದರೆ ಫೋನಿನ ಬದಲಿಗೆ ಅದು ಆಗದು.

ಇನ್ನು ದೋಣಿ. ಮೊದಲು ತಲೆಗೆ 1,200ರಂತೆ ನಾಲ್ವರು, ಒಟ್ಟು 4,800. ಅದರಲ್ಲಿ ಪೆಟ್ರೋಲ್ 700, ಹುಡುಗನ ಕೂಲಿ 500, ಊಟ 400, ರಸ್ತೆಯಿಂದ ದಂಡೆಗೆ ಕರೆತರುವ ಜೀಪು 500. ಕೈಗೆ ಉಳಿಯುತ್ತಿದ್ದುದು 2,700. ಹೊಸ ಲೆಕ್ಕದಲ್ಲಿ ತಲೆ ಎಣಿಸದೆ ಇಡೀ ದೋಣಿಗೆ 3,600, ಒಂದೇ ಮನೆಯ ಇಬ್ಬರು ಅಥವಾ ಮೂವರು ಮಾತ್ರ. ಗಿರಾಕಿಗಳು ತಮ್ಮ ಗಾಡಿಯಲ್ಲಿ ದಂಡೆಯ ತನಕ ಬರಬೇಕು, ಬುತ್ತಿ ತಾವೇ ತರಬೇಕು. ಪೆಟ್ರೋಲ್, ಕೂಲಿ ಕಳೆದು 2,400. ಗಳಿಕೆ ಅರ್ಧಕ್ಕಿಳಿಯುತ್ತದೆ ಎಂದು ತಿಂಗಳಿಂದ ಒದ್ದಾಡುತ್ತಿದ್ದವರಿಗೆ ಕಡಿಮೆಯಾದದ್ದು ಮುನ್ನೂರು! ಬಿಟ್ಟ ಎರಡು ಖರ್ಚೂ ಸೋಂಕಿಗೆ ದಾರಿಯಾಗುತ್ತಿದ್ದವೇ: ಗಾಜು ಏರಿಸಿದ ಜೀಪು, ಮಾಸ್ಕ್ ತೆಗೆದು ಸುತ್ತ ಕೂತು ಉಣ್ಣುವ ಊಟ. ತೆರೆದ ನೀರಿನ ಮೇಲಿನ ದೋಣಿಗಿಂತ ಇವೆರಡೇ ಹೆಚ್ಚು ಅಪಾಯದವು.

ಹಾಗೆಂದು ದೋಣಿಯಲ್ಲಿ ಏನೂ ಇಲ್ಲ ಎಂದಲ್ಲ. ದೋಣಿ ಓಡುವಾಗ ಗಾಳಿ ಮುಂದಿನಿಂದ ಹಿಂದಕ್ಕೆ ಬರುತ್ತದೆ. ಮುಂದೆ ಕೂತ ಗಿರಾಕಿಗಳ ಉಸಿರು ನೇರ ಹಿಂದೆ ಎಂಜಿನ್ ಹಿಡಿದವನ ಮುಖಕ್ಕೆ. ಆದ್ದರಿಂದ ಓಡುವಾಗ ಎಲ್ಲರಿಗೂ ಮಾಸ್ಕ್, ಮಲ್ಲಪ್ಪನಿಗೆ ಎನ್95. ಲಂಗರು ಮೂತಿಯ ಕಡೆಯಿಂದ ಬಿಟ್ಟರೆ ದೋಣಿ ಗಾಳಿಗೆ ಎದುರಾಗಿ ತಿರುಗಿ ನಿಲ್ಲುತ್ತದೆ, ಆಗ ಮೂತಿಗೆ ಮೊದಲು ಗಾಳಿ. ಲಂಗರು ಬಿಡಲು ಹೇಗೂ ಮುಂದೆ ಹೋಗಬೇಕು, ಅಲ್ಲೇ ಉಳಿಯಿರಿ, ಗಿರಾಕಿಗಳು ನಡುವಿನಿಂದ ಹಿಂದಕ್ಕೆ ಕೂರಲಿ ಎಂದೆ. ಗಾಳಿಯ ದಿಕ್ಕು ಓದುವುದು ಅವರಿಗೆ ನಾನು ಕಲಿಸಬೇಕಾದ ವಿದ್ಯೆಯಲ್ಲ. ಈ ಮಾತಿಗೇ ಅವರ ಮುಖ ಮೊದಲ ಸಲ ಅರಳಿತು. ಮಾಸ್ಕ್ ನೀರು ಸಿಡಿದು ಒದ್ದೆಯಾದರೆ ಉಸಿರಿಗೆ ತೊಂದರೆ, ಕೆಲಸಕ್ಕೂ ಬಾರದು. ಝಿಪ್ ಚೀಲದಲ್ಲಿ ತಲೆಗೆ ಎರಡು ಒಣ ಮಾಸ್ಕ್ ಇಡಬೇಕು. ಕೊರಳಿಗೆ ದಾರ ಕಟ್ಟಿ ಮಾಸ್ಕ್ ತೂಗುಹಾಕುವುದು ದೋಣಿಯಲ್ಲಿ ಬೇಡ, ನೀರಿಗೆ ಬಿದ್ದಾಗ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟ ಗಳಿಗೆ ಮೀನು ಬಿದ್ದಾಗ. ಎಲ್ಲರೂ ಎದ್ದು ಕೂಗುತ್ತಾರೆ, ಮಾಸ್ಕ್ ಗದ್ದಕ್ಕೆ ಇಳಿಯುತ್ತದೆ, ಗೈಡ್ ಗಿರಾಕಿಯ ಹೆಗಲ ಮೇಲಿಂದ ಬಗ್ಗಿ ಗಾಳ ಬಿಡಿಸುತ್ತಾನೆ, ಆಮೇಲೆ ಕೆನ್ನೆಗೆ ಕೆನ್ನೆ ತಾಗಿಸಿ ಸೆಲ್ಫಿ. ಇದಕ್ಕೆ ಆರು ಅಡಿ ಹಿಡಿಕೆಯ ಕೈಬಲೆ ಬೇಕು. ಉದ್ದ ಮೂತಿಯ ಇಕ್ಕಳ ಒಂದು ಗಿರಾಕಿಯ ಬದಿಗೇ ಕಟ್ಟಿರಬೇಕು, ಗಾಳ ಅವರೇ ಬಿಡಿಸಲಿ. ಮುಳ್ಳು ಒತ್ತಿ ಚಪ್ಪಟೆ ಮಾಡಿದ ಗಾಳವಾದರೆ ಹೊಸಬರಿಗೂ ಸುಲಭ, ಮೀನಿಗೂ ಗಾಯ ಕಡಿಮೆ. ಫೋಟೊ ಮಲ್ಲಪ್ಪನೇ ದೋಣಿಯ ಇನ್ನೊಂದು ತುದಿಯಿಂದ ತೆಗೆಯುವುದು. ಗಂಟು ಹಾಕಿದ ದಾರ, ಗಾಳಗಳನ್ನು ಹಿಂದಿನ ರಾತ್ರಿಯೇ ತಯಾರಿಟ್ಟರೆ ದೋಣಿಯಲ್ಲಿ ಮುಖಕ್ಕೆ ಮುಖ ಕೊಟ್ಟು ಕೂರುವ ಕೆಲಸ ಅರ್ಧ ಹೋಗುತ್ತದೆ. ರಾತ್ರಿ ಎಚ್ಚರಾದರೆ ಮಾಡಲಿಕ್ಕೂ ಒಂದು ಕೆಲಸ ಸಿಕ್ಕಿತು.

‘ಸ್ಯಾನಿಟೈಸರ್ ಹಚ್ಚಿದ ಕೈಲೆ ಹಿಟ್ಟಿನ ಉಂಡಿ ಕಟ್ಟಿದರ ಮೀನ ಮೂಸಿ ಸೈತ ನೋಡೂದಿಲ್ರಿ’ ಎಂಬುದು ಅವರ ತಕರಾರು. ಲೋಳೆ, ಶೇಂಗಾ ಹಿಂಡಿ ಮೆತ್ತಿದ ಕೈಗೆ ಸ್ಯಾನಿಟೈಸರ್ ಸರಿಯಾಗಿ ಕೆಲಸವನ್ನೂ ಮಾಡುವುದಿಲ್ಲ. ಸ್ಪಿರಿಟ್ ಬೆಂಕಿ ಹಿಡಿಯುವ ವಸ್ತು, ಪೆಟ್ರೋಲ್ ಟ್ಯಾಂಕಿನ ಪಕ್ಕ ಇಡುವಂಥದ್ದೂ ಅಲ್ಲ. ನಲ್ಲಿ ಇರುವ ಹತ್ತು ಲೀಟರಿನ ಕ್ಯಾನು, ಸೋಪು, ಇಪ್ಪತ್ತು ಸೆಕೆಂಡು ಉಜ್ಜುವುದು, ಇಷ್ಟು ಸಾಕು. ಹಿಟ್ಟಿನ ಡಬ್ಬಿ ತಲೆಗೊಂದು.

ತೊಳೆಯುವುದಕ್ಕೂ ಅಳತೆ ಹಾಕಿದೆವು. ಟ್ರಿಪ್ಪಿಗೆ ಒಂದೇ ಸಲ, ಗಿರಾಕಿಗಳು ಇಳಿದ ಮೇಲೆ. ಮೊದಲು ಸೋಪಿನ ನೀರಿನಿಂದ ಲೋಳೆ ತೆಗೆಯಬೇಕು. ಲೋಳೆ, ಮಣ್ಣು ಉಳಿದಿದ್ದರೆ ಕ್ಲೋರಿನ್ ಅವುಗಳ ಮೇಲೇ ಖರ್ಚಾಗಿಬಿಡುತ್ತದೆ. ಆಮೇಲೆ ಹೊಸ ಬ್ಲೀಚಿಂಗ್ ಪುಡಿ ಲೀಟರಿಗೆ ಒಂದು ಸಣ್ಣ ಚಮಚ ಮಟ್ಟಸ, ಹತ್ತು ಲೀಟರಿಗೆ ಮೂವತ್ತೈದು ಗ್ರಾಂ ಮೀರದಂತೆ. ಕಟ್ಟೆ, ಸೀಟು, ಹಿಡಿಕೆ ಒರೆಸಿ, ಹತ್ತು ನಿಮಿಷ ಬಿಟ್ಟು ಸ್ವಚ್ಛ ನೀರು. ಕೈಗೆ ರಬ್ಬರ್ ಗವಸು. ಪಾಯಖಾನೆ ತೊಳೆಯುವ ಆಸಿಡ್ ಜತೆ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಲೈಫ್ ಜಾಕೆಟ್‌ಗೆ ಬ್ಲೀಚಿಂಗ್ ಬೇಡವೇ ಬೇಡ, ಸೋಪಿನ ನೀರು ಮತ್ತು ನೆರಳಿನ ಒಣಗು. ಪಟ್ಟಿ ಹರಿದ ಜಾಕೆಟ್‌ನಿಂದ ಸಾಯುವ ಅಪಾಯ ಹಿನ್ನೀರಿನಲ್ಲಿ ಕೊರೊನಾಕ್ಕಿಂತ ಹತ್ತಿರದ್ದು. ಬಿರುಸಾದವನ್ನು ಬದಲಿಸಲು ಹೇಳಿದೆ.

ಆಪ್ತಸಲಹೆಗಾರರು ಪೆಟ್ರೋಲ್ ಲೆಕ್ಕ, ಲಂಗರಿನ ವಿಚಾರ ಮಾತಾಡಬಹುದೇ ಎಂಬ ಆಕ್ಷೇಪ ಈ ವೃತ್ತಿಯವರಿಂದಲೇ ಬರುತ್ತದೆ. ಮನಸ್ಸಿನ ಬಗ್ಗೆ ಮಾತ್ರ ಮಾತಾಡಬೇಕು, ಬದುಕಿನ ತೀರ್ಮಾನ ಅವರಿಗೇ ಬಿಡಬೇಕು ಎಂಬುದು ನಾವು ಓದಿದ ಪಾಠ ಹೌದು. ಆದರೆ ಕಂತಿನ ತಾರೀಖಿಗೆ ಎದೆ ಬಡಿದುಕೊಳ್ಳುವವನಿಗೆ ಉಸಿರಾಟದ ವ್ಯಾಯಾಮ ಮಾತ್ರ ಕಲಿಸಿ ಕಳಿಸಿದರೆ, ಹೆದರಿಕೆ ಅವನ ಸ್ವಭಾವದ ದೋಷ ಎಂದು ಹೇಳಿದ ಹಾಗಾಗುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ತೀರ್ಮಾನ ಅವರದೇ ಆಗಿತ್ತು, ದರ ಹೇಳಿದ್ದು ಮಲ್ಲಪ್ಪ, ಮಾತು ಕಟ್ಟಿದ್ದು ಹೆಂಡತಿ.

ಇನ್ನೊಂದು ಎಚ್ಚರವೂ ಬೇಕು. ನಿಯಮ ಹಾಕಿಕೊಂಡ ಮೇಲೂ ದಿನಕ್ಕೆ ಗಂಟೆಗಿಂತ ಹೆಚ್ಚು ತೊಳೆಯುವುದೇ ನಡೆದಿದ್ದರೆ, ತೊಳೆಯದಿದ್ದರೆ ಕೂತಲ್ಲಿ ಕೂರಲಾಗದಿದ್ದರೆ, ಅದು ಗೀಳಿನ ಕಾಯಿಲೆ ಇರಬಹುದು. ಆಗ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸಬೇಕು, ಚಿಕಿತ್ಸೆಯಿಂದ ಹತೋಟಿಗೆ ಬರುತ್ತದೆ. ಮಲ್ಲಪ್ಪನಿಗೆ ಆ ಅಗತ್ಯ ಬೀಳಲಿಲ್ಲ. ದಸರೆಯ ಮುಂದೆ ಒಂದು ಗಿರಾಕಿಗೆ ತಾರೀಖು ಮುಂದೆ ಹಾಕಿದ ರಾತ್ರಿ ಅವರು ಏಳಲಿಲ್ಲ ಎಂದು ಹೆಂಡತಿ ಫೋನ್ ಮಾಡಿ ಹೇಳಿದರು.

ಈ ವರ್ಷ ಮಳೆಗಾಲ ಕಳೆದು ದೋಣಿ ಇಳಿಸುವವರಿಗೆ ಲಸಿಕೆಯೂ ಇದೆ. ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ 2021ರ ಈ ಜುಲೈನ ನಿಯಮದಂತೆ 12ರಿಂದ 16 ವಾರ. ಇವತ್ತೇ ಮೊದಲನೆಯದು ಹಾಕಿಸಿಕೊಂಡರೂ ಎರಡನೆಯದು ಅಕ್ಟೋಬರಿಗೇ, ಅಂದರೆ ಹಂಗಾಮಿನ ಬಾಗಿಲಿಗೆ. ಮುಂದೂಡಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಮೊದಲು ಅವರಿಗೆ.

ದೋಣಿಯ ಹುಡುಗನನ್ನು ಈ ಲೆಕ್ಕದಲ್ಲಿ ಎಲ್ಲರೂ ಮರೆಯುತ್ತಾರೆ. ಜ್ವರ ಎಂದರೆ ಆ ದಿನದ ಐನೂರು ಹೋಗುತ್ತದೆ ಎಂದು ಅವನೂ ಬಚ್ಚಿಡುತ್ತಾನೆ, ಗಿರಾಕಿ ಅಡ್ವಾನ್ಸಿಗಾಗಿ ಬಚ್ಚಿಟ್ಟ ಹಾಗೆಯೇ. ಮಲ್ಲಪ್ಪ ಕಾಯಿಲೆಯ ದಿನಕ್ಕೆ ಅರ್ಧ ಕೂಲಿ ಎಂದು ಒಪ್ಪಿಕೊಂಡರು. ತನಗೇ ಜ್ವರ ಬಂದರೆ ಟ್ರಿಪ್ಪನ್ನು ಪಕ್ಕದ ದಂಡೆಯ ಇನ್ನೊಬ್ಬ ದೋಣಿಯವರಿಗೆ ಬಿಟ್ಟುಕೊಡುವುದು, ಅವರಿಗೆ ಬಂದರೆ ಇವರು ನಡೆಸುವುದು, ಗಳಿಕೆಯಲ್ಲಿ ಮೂರರಲ್ಲೊಂದು ಪಾಲು ಮಲಗಿದವರಿಗೆ ಎಂದು ಇಬ್ಬರೂ ಕೂತು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದಾರೆ.