ಪ್ರತಿವಾದಿ ದುಡ್ಡೇ, ಮುದ್ರಣದೋಷ ಅಲ್ಲ

ಓದುಗರೊಬ್ಬರ ಪತ್ರದ ಸಾರ: 'ಕಳೆದ ಸಂಚಿಕೆಯ ಮುಟ್ಟುಗೋಲು ಲೇಖನದಲ್ಲಿ ಒಂದು ಪ್ರಕರಣದ ಹೆಸರು "ಅಮೆರಿಕ ವಿರುದ್ಧ 1,24,700 ಡಾಲರ್" ಎಂದು ಅಚ್ಚಾಗಿದೆ. ಪ್ರತಿವಾದಿಯ ಹೆಸರು ಬಿಟ್ಟುಹೋಯಿತಾ? ಇನ್ನೊಂದು ಮಾತು. ಕಳ್ಳದುಡ್ಡಿನಲ್ಲಿ ಕಟ್ಟಿದ ಮನೆ ಕಿತ್ತುಕೊಂಡರೆ ನನಗೇನೂ ಬೇಜಾರಿಲ್ಲ. ಆದರೆ ಅಪರಾಧ ಸಾಬೀತಾಗುವ ಮೊದಲೇ ಕಿತ್ತುಕೊಳ್ಳುವುದು ಯಾವ ನ್ಯಾಯ? ಶಿಕ್ಷೆ ಆದಮೇಲೆ ಮಾತ್ರ ಅಂತ ಒಂದು ಸಾಲಿನ ಕಾನೂನು ಮಾಡಿದರೆ ಮುಗಿಯಿತಲ್ವಾ?'

ಸಂಪಾದಕರ ಉತ್ತರ: ಹೆಸರು ಬಿಟ್ಟುಹೋಗಿಲ್ಲ. ಆ ಪ್ರಕರಣದಲ್ಲಿ ಪ್ರತಿವಾದಿ ದುಡ್ಡೇ. ಕರಡು ತಿದ್ದುವಾಗ ನಾವೂ ಅಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿ, ಆಮೇಲೆ ಹೊಡೆದುಹಾಕಿದ್ದೆವು. ಒಂದು ಸಾಲು ವಿವರಣೆ ಕೊಡಬೇಕಿತ್ತು, ಕೊಡಲಿಲ್ಲ. ಈಗ ಕೊಡುತ್ತೇನೆ.

2003ರಲ್ಲಿ ನೆಬ್ರಾಸ್ಕ ರಾಜ್ಯದ ಹೆದ್ದಾರಿಯಲ್ಲಿ ಪೊಲೀಸರು ಒಂದು ಬಾಡಿಗೆ ಕಾರನ್ನು ನಿಲ್ಲಿಸಿದರು. ದೊಡ್ಡ ಮೊತ್ತದ ಹಣ ಇದೆಯಾ ಎಂದು ಕೇಳಿದಾಗ ಚಾಲಕ ಇಲ್ಲ ಎಂದ. ಹುಡುಕಿದಾಗ ಐಸ್ ಪೆಟ್ಟಿಗೆಯೊಳಗೆ ನೋಟಿನ ಕಟ್ಟುಗಳು ಸಿಕ್ಕವು. ಮಾದಕ ವಸ್ತು ಚಿಟಿಕೆಯಷ್ಟೂ ಸಿಗಲಿಲ್ಲ. ಮಾದಕ ವಸ್ತು ಪತ್ತೆಮಾಡುವ ಪೊಲೀಸ್ ನಾಯಿ ಮಾತ್ರ ಆ ದುಡ್ಡಿನ ವಾಸನೆ ಹಿಡಿದು ಸನ್ನೆ ಮಾಡಿತು. ಸ್ನೇಹಿತರೆಲ್ಲ ಸೇರಿ ಸರಕನ್ನು ತಂಪಾಗಿಡುವ ಲಾರಿ ಕೊಳ್ಳಲು ಕೂಡಿಸಿದ ಹಣ ಅದು ಎಂಬುದು ಚಾಲಕನ ವಾದ. ಕೆಳಗಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. 2006ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಸರ್ಕಾರದ ಕಡೆ, ಒಬ್ಬರು ಚಾಲಕನ ಕಡೆ.

ಇಲ್ಲಿ ವಿಚಾರಣೆ ನಡೆದದ್ದು ಮನುಷ್ಯನ ಮೇಲಲ್ಲ, ನೋಟಿನ ಮೇಲೆ. ನೋಟಿಗೆ 'ಸಾಬೀತಾಗುವವರೆಗೆ ನಿರಪರಾಧಿ' ಎಂಬ ರಕ್ಷಣೆ ಇಲ್ಲ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಸರ್ಕಾರಕ್ಕೆ ಇಲ್ಲ. ತಕ್ಕಡಿ ತನ್ನ ಕಡೆ ಒಂದಿಷ್ಟು ವಾಲಿದರೆ ಸಾಕು. ದುಡ್ಡು ನನ್ನದು ಎನ್ನುವವನು ಸಾಮಾನ್ಯವಾಗಿ ತನ್ನ ಖರ್ಚಿನಲ್ಲೇ ವಕೀಲರನ್ನು ಹಿಡಿದು ಬರಬೇಕು. ಹಣ ಕಮ್ಮಿ ಇದ್ದರೆ ವಕೀಲರ ಫೀಸೇ ಅದಕ್ಕಿಂತ ಜಾಸ್ತಿ ಆಗುತ್ತದೆ.

ವಸ್ತುವನ್ನು ಕಟಕಟೆಗೆ ತರುವ ಈ ಚಾಳಿ ತುಂಬಾ ಹಳೆಯದು. ಇಂಗ್ಲೆಂಡಿನಲ್ಲಿ ಗಾಡಿ ಹರಿದು ಯಾರಾದರೂ ಸತ್ತರೆ ಗಾಡಿಯೋ, ಅದರ ಬೆಲೆಯೋ ರಾಜನಿಗೆ ಸೇರಬೇಕಿತ್ತು. ಇದಕ್ಕೆ 'ಡಿಯೋಡ್ಯಾಂಡ್' ಎಂದು ಹೆಸರು, ದೇವರಿಗೆ ಕೊಡಬೇಕಾದದ್ದು ಎಂದು ಅರ್ಥ. ಹೆಸರು ದೇವರದು, ಗಂಟು ರಾಜನದು! ಎತ್ತಿನ ಬಂಡಿಯ ಕಾಲದಲ್ಲಿ ಇದು ಹೇಗೋ ನಡೆಯಿತು. ರೈಲು ಬಂದಮೇಲೆ ಕಷ್ಟವಾಯಿತು. 1841ರಲ್ಲಿ ಸಾನಿಂಗ್ ಎಂಬಲ್ಲಿ ರೈಲು ಅಪಘಾತವಾಗಿ ಜನ ಸತ್ತಾಗ ತನಿಖೆಯ ಜ್ಯೂರಿ ಎಂಜಿನ್ ಮತ್ತು ಬೋಗಿಗಳ ಮೇಲೆ 1,000 ಪೌಂಡ್ ಹೇರಿತು. ಐದು ವರ್ಷ ಕಳೆದು, 1846ರಲ್ಲಿ, ಬ್ರಿಟಿಷ್ ಸಂಸತ್ತು ಈ ಪದ್ಧತಿಯನ್ನೇ ರದ್ದು ಮಾಡಿತು.

ಸಮುದ್ರದಲ್ಲಿ ಮಾತ್ರ ಇದೇ ಯೋಚನೆಗೆ ಬೇರೆ ಕಾರಣವಿತ್ತು. ಹಡಗು ಕಳ್ಳಸಾಗಣೆ ಮಾಡಿ ಸಿಕ್ಕಿಬೀಳುತ್ತದೆ. ಮಾಲೀಕ ಸಾಗರದ ಆಚೆ ಕಾಲು ಚಾಚಿ ಮಲಗಿರುತ್ತಾನೆ. ಅವನನ್ನು ಕರೆತರುವುದು ಆಗದ ಮಾತು, ಹಡಗು ಕೈಯಲ್ಲೇ ಇದೆ. ಹಾಗಾಗಿ ಮೊಕದ್ದಮೆ ಹಡಗಿನ ಮೇಲೆ. 1827ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 'ಪಾಲ್ಮೈರಾ' ಎಂಬ ಹಡಗಿನ ಪ್ರಕರಣದಲ್ಲಿ, ಮಾಲೀಕನಿಗೆ ಶಿಕ್ಷೆ ಆಗದಿದ್ದರೂ ಹಡಗನ್ನು ಮುಟ್ಟುಗೋಲು ಹಾಕಬಹುದು ಎಂದಿತು. ಅವತ್ತಿನ ಮಟ್ಟಿಗೆ ಅದು ಸರಿಯಾದ ಉಪಾಯವೇ. ಆದರೆ ಮಾಲೀಕ ಸಿಗುವುದಿಲ್ಲ ಎಂದು ಹುಟ್ಟಿದ ಉಪಾಯವನ್ನು, ಮಾಲೀಕ ಎದುರಿಗೇ ನಿಂತಿರುವಾಗಲೂ ಬಳಸುತ್ತಾರಲ್ಲ, ನನ್ನ ತಕರಾರು ಅಲ್ಲಿ.

ಇನ್ನು 'ಶಿಕ್ಷೆ ಆದಮೇಲೆ ಮಾತ್ರ' ಎಂಬ ನಿಮ್ಮ ಮಾತು. ಅರ್ಧ ಒಪ್ಪುತ್ತೇನೆ.

ಆರೋಪಿ ವಿಚಾರಣೆಗೆ ಮೊದಲೇ ಸತ್ತರೆ? ದೇಶ ಬಿಟ್ಟು ಓಡಿದರೆ? ತಂಡದ ಯಜಮಾನ ತಾನು ಯಾವ ಚೀಲವನ್ನೂ ಮುಟ್ಟದೆ, ಹುಡುಗರ ಕೈಯಲ್ಲೇ ಎಲ್ಲ ಮಾಡಿಸಿದರೆ? 1990ರ ದಶಕದ ಐರ್ಲೆಂಡಿಗೆ ಎದುರಾದದ್ದು ಈ ಕೊನೆಯ ಪ್ರಶ್ನೆ. ಮಾದಕ ವಸ್ತು ದಂಧೆಯ ಬಗ್ಗೆ ಬರೆಯುತ್ತಿದ್ದ ಪತ್ರಕರ್ತೆ ವೆರೋನಿಕಾ ಗೆರಿನ್ ಅವರನ್ನು 1996ರ ಜೂನ್‌ನಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಅಲ್ಲಿ ಹೊಸ ಕಾಯ್ದೆ ಬಂತು, ಕ್ರಿಮಿನಲ್ ಅಸೆಟ್ಸ್ ಬ್ಯೂರೋ ಹುಟ್ಟಿತು. ಪೊಲೀಸರು, ತೆರಿಗೆಯವರು, ಸಾಮಾಜಿಕ ಭದ್ರತೆ ಇಲಾಖೆಯವರು ಒಂದೇ ಸೂರಿನಡಿ ಕುಳಿತರು. ಶಿಕ್ಷೆ ಆಗದಿದ್ದರೂ ಆಸ್ತಿ ಅಪರಾಧದಿಂದ ಬಂದದ್ದು ಎಂದು ಹೈಕೋರ್ಟಿಗೆ ತೋರಿಸಬಹುದು. ಆದರೆ ಮೂಲ ಕಾಯ್ದೆಯಲ್ಲಿ ಒಂದು ಒಳ್ಳೆಯ ಬ್ರೇಕ್ ಇತ್ತು. ಆಸ್ತಿಯನ್ನು ತಡೆಹಿಡಿದ ಮೇಲೆ ಪೂರ್ತಿ ಸರ್ಕಾರದ ಪಾಲಾಗಲು ಸಾಮಾನ್ಯವಾಗಿ ಏಳು ವರ್ಷ ಕಾಯಬೇಕಿತ್ತು. ಅಷ್ಟರೊಳಗೆ ಯಾರಾದರೂ ಬಂದು ಇದು ನ್ಯಾಯವಾದ ಗಳಿಕೆ ಎಂದು ತೋರಿಸಬಹುದಿತ್ತು.

ಇಟಲಿಯದು ಇನ್ನೂ ಹಳೆಯ ಕಥೆ. ಮಾಫಿಯಾ ಆಸ್ತಿ ಕಿತ್ತುಕೊಳ್ಳುವ ಮಸೂದೆಗೆ ದುಡಿದ ಸಂಸದ ಪಿಯೋ ಲಾ ತೊರ್ರೆ 1982ರ ಏಪ್ರಿಲ್‌ನಲ್ಲಿ ಕೊಲೆಯಾದರು. ಅದೇ ಸೆಪ್ಟೆಂಬರ್‌ನಲ್ಲಿ ಸಿಸಿಲಿಯ ಪಲೆರ್ಮೋದ ಪ್ರಿಫೆಕ್ಟ್ (ಅಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿ) ದಲ್ಲಾ ಕಿಯೇಸಾ ಕೊಲೆಯಾದರು. ಅದಾದ ಕೆಲವೇ ದಿನಗಳಲ್ಲಿ ಕಾನೂನು ಜಾರಿಗೆ ಬಂತು. 1996ರಲ್ಲಿ ಇನ್ನೊಂದು ಕಾನೂನು ಬಂದು, ಹೀಗೆ ಸಿಕ್ಕ ಮನೆ, ಜಮೀನನ್ನು ಸಮಾಜದ ಕೆಲಸಕ್ಕೆ ಬಳಸಲು ದಾರಿ ಮಾಡಿತು. ಸಿಸಿಲಿಯಲ್ಲಿ ಮಾಫಿಯಾ ಹಿಡಿತದಲ್ಲಿದ್ದ ಹೊಲಗಳಲ್ಲಿ ಇವತ್ತು ಸಹಕಾರ ಸಂಘಗಳು ಗೋಧಿ, ದ್ರಾಕ್ಷಿ ಬೆಳೆಯುತ್ತಿವೆ. ಇಂಥದ್ದನ್ನು ಓದಿದಾಗ ನನಗೂ ಖುಷಿಯೇ.

ಅದಕ್ಕೇ, ಎಲ್ಲದಕ್ಕಿಂತ ಮೊದಲು ಕೇಳಬೇಕಾದದ್ದು ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಜೊತೆ ಸೇರಿ ಹಿಡಿದ ಸ್ಥಳೀಯ ಪೊಲೀಸರಿಗೆ ಶೇ 80ರವರೆಗೂ ಪಾಲು ವಾಪಸ್ ಹೋಗಬಹುದು. ಹಿಡಿದವನಿಗೇ ಪಾಲು ಎಂದಮೇಲೆ ಯಾವ ಕಾರು ನಿಲ್ಲಿಸಬೇಕು ಎನ್ನುವ ನಿರ್ಧಾರಕ್ಕೇ ಮಸಿ ಬಳಿದಂತೆ. ಸುಮ್ನೆ ಅನುಮಾನ ಪಡುತ್ತಿದ್ದೇನೆ ಅನ್ನಿಸಿದರೆ ನ್ಯೂ ಮೆಕ್ಸಿಕೋ ನೋಡಿ. ಆ ರಾಜ್ಯ 2015ರಲ್ಲಿ ವಸ್ತುವಿನ ಮೇಲಿನ ಮೊಕದ್ದಮೆಯನ್ನೇ ಕೈಬಿಟ್ಟು, ಮುಟ್ಟುಗೋಲಿನ ಹಣ ರಾಜ್ಯದ ಸಾಮಾನ್ಯ ಖಜಾನೆಗೇ ಹೋಗಬೇಕು ಎಂದು ಕಾನೂನು ಮಾಡಿತು.

ಮಿಷಿಗನ್‌ನ ಒಂದು ಪ್ರಕರಣ ನನ್ನನ್ನು ಇಂದಿಗೂ ಕಾಡುತ್ತದೆ. ಗಂಡ ಹೆಂಡತಿ ಜಂಟಿಯಾಗಿ ಕೊಂಡ ಹಳೆಯ ಕಾರು, ಬೆಲೆ 600 ಡಾಲರ್. ಅದರೊಳಗೆ ಗಂಡ ವೇಶ್ಯೆಯ ಜೊತೆ ಸಿಕ್ಕಿಬಿದ್ದ. ಕಾರು ಹೋಯಿತು. ಹೆಂಡತಿಗೆ ಏನೂ ಗೊತ್ತಿರಲಿಲ್ಲ. ಆದರೂ 1996ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ತೀರ್ಪಿನಲ್ಲಿ ಅವಳಿಗೆ ಏನೂ ಕೊಡಬೇಕಿಲ್ಲ ಎಂದಿತು. ಗಂಡ ಮೋಸ ಮಾಡಿದ್ದು ಸಾಲದೆಂದು ಕಾರೂ ಹೋಯಿತು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ನಿರಪರಾಧಿ ಮಾಲೀಕರಿಗೆ ಒಂದು ಸಾಮಾನ್ಯ ರಕ್ಷಣೆ ಬಂದದ್ದು 2000ದಲ್ಲಿ.

ಹಾಗಾದರೆ ನನ್ನ ಪ್ರಕಾರ ಏನಾಗಬೇಕು? ಆಸ್ತಿ ಕೈಜಾರದಂತೆ ಮೊದಲೇ ತಡೆಹಿಡಿಯಲಿ. ಮನುಷ್ಯ ಎದುರಿಗಿದ್ದರೆ ಶಿಕ್ಷೆ ಆಗುವವರೆಗೂ ಅದನ್ನು ಸರ್ಕಾರ ನುಂಗಬಾರದು. ಅವನು ಸತ್ತಾಗ, ಓಡಿದಾಗ, ಅಥವಾ ಐರ್ಲೆಂಡಿನಂಥ ಯಜಮಾನರ ವಿಷಯದಲ್ಲಿ ವಿನಾಯಿತಿ ಇರಲಿ, ಆದರೆ ಸಾಬೀತು ಮಾಡುವ ಭಾರ ಸರ್ಕಾರದ ಹೆಗಲ ಮೇಲಿರಲಿ.

ಇಲ್ಲೇ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ವಶಕ್ಕೆ ತೆಗೆದುಕೊಂಡು ಇಟ್ಟುಕೊಂಡರೆ ಅದು ಜಪ್ತಿ. ಹಕ್ಕೇ ಸರ್ಕಾರಕ್ಕೆ ಹೋದರೆ ಮುಟ್ಟುಗೋಲು. ಪತ್ರಿಕೆಯವರು ಎರಡನ್ನೂ ಕಲಸುಮೇಲೋಗರ ಮಾಡಿಬಿಡುತ್ತೇವೆ. ಕಳೆದ ಸಂಚಿಕೆಯ ಆ ಲೇಖನದ ಕೊನೆಯಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದ ವ್ಯಕ್ತಿಯೊಬ್ಬನ ಲ್ಯಾಂಡ್ ರೋವರ್ ಕಾರು '2013ರಲ್ಲಿ ಮುಟ್ಟುಗೋಲಾಯಿತು' ಎಂದು ಬರೆದಿದ್ದೆವು. ಕಾರಿನ ಬೆಲೆ ಸುಮಾರು 42,000 ಡಾಲರ್, ಅವನ ಅಪರಾಧಕ್ಕೆ ಗರಿಷ್ಠ ದಂಡ 10,000. ಅಪರಾಧಕ್ಕೆ ಮೀರಿದ ದಂಡ ಕೂಡದು ಎಂಬ ನಿಯಮ ರಾಜ್ಯಗಳಿಗೂ ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಪ್ರಕರಣದಲ್ಲಿ. 2013ರಲ್ಲಿ ಆದದ್ದು ಜಪ್ತಿ ಮಾತ್ರ. 2020ರಲ್ಲಿ ಕಾರು ಅವನಿಗೆ ವಾಪಸ್ ಸಿಕ್ಕಿತು. ಅದಾದ ಮೇಲೂ ರಾಜ್ಯ ಸರ್ಕಾರ ಪಟ್ಟು ಬಿಡದೆ ಮೇಲ್ಮನವಿ ನಡೆಸಿ, 2021ರಲ್ಲಿ ಸೋತಿತು.