ಹೆಸರು ಆಪರೇಶನ್‌ಗೆ ಸಿಕ್ಕಿತು, ಆಟಗಾರನಿಗೆ?

ನ್ಯೂಜೆರ್ಸಿಯಲ್ಲಿರುವ ಓದುಗರೊಬ್ಬರ ಪತ್ರ: “ಟಾಮಿ ಜಾನ್ ಅವರನ್ನು ಶ್ರೇಷ್ಠ ಆಟಗಾರರನ್ನು ಗೌರವಿಸುವ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಹೊರಗಿಟ್ಟಿದ್ದು ತಪ್ಪು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆಯಿಲ್ಲ. 26 ಸೀಸನ್ ಆಡಿದರೆ ಯಾರ ಲೆಕ್ಕವೂ ಬೆಳೆಯುತ್ತದೆ. ಹಾಜರಿ ಪುಸ್ತಕ ತುಂಬಿದೆ ಅಂತ ಬಹುಮಾನ ಕೊಡುತ್ತಾರಾ? ಇನ್ನು ಅವರ ಹೆಸರಿನ ಆ ಮೊಣಕೈ ಆಪರೇಶನ್, ಅದು ಡಾಕ್ಟರ ಸಾಧನೆ. ಲಿಟಲ್ ಲೀಗ್ ಆಡುವ ನನ್ನ ಮಗನಿಗಂತೂ ಟಾಮಿ ಜಾನ್ ಅನ್ನೋದು ಒಬ್ಬ ಮನುಷ್ಯನ ಹೆಸರು ಅಂತಲೇ ಗೊತ್ತಿರಲಿಲ್ಲ.”

ಸಂಪಾದಕರ ಉತ್ತರ:

ಪ್ರಿಯ ಓದುಗರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ಮಾತು ಓದಿ ಬೇಸರವಾಯಿತು. ತಪ್ಪು ಅವನದಲ್ಲ. ಅಮೆರಿಕದಲ್ಲಿ ಎಷ್ಟೋ ಮಕ್ಕಳಿಗೆ ಟಾಮಿ ಜಾನ್ ಅಂದರೆ ಮೊಣಕೈ ಆಪರೇಶನ್, ಅಷ್ಟೇ. ಅದರ ಹಿಂದೆ 288 ಪಂದ್ಯ ಗೆದ್ದ ಎಡಗೈ ಪಿಚರ್, ಅಂದರೆ ಚೆಂಡು ಎಸೆಯುವ ಆಟಗಾರ, ಒಬ್ಬರಿದ್ದಾರೆ.

ಬೇಸ್‌ಬಾಲ್ ಪರಿಚಯವಿಲ್ಲದವರಿಗೆ ಒಂದು ಮಾತು. ತಂಡ ಮುನ್ನಡೆ ಪಡೆದು ಅದನ್ನು ಕೊನೆಯವರೆಗೂ ಉಳಿಸಿಕೊಂಡರೆ, ಆ ಮುನ್ನಡೆ ಸಿಕ್ಕಾಗ ಚೆಂಡು ಎಸೆಯುತ್ತಿದ್ದ ಪಿಚರ್ ಹೆಸರಿಗೆ ಸಾಮಾನ್ಯವಾಗಿ ಗೆಲುವು ಬರೆಯುತ್ತಾರೆ. 300 ಗೆಲುವು ಅಂದರೆ ದೊಡ್ಡ ಮೈಲಿಗಲ್ಲು. ಅದನ್ನು ಮುಟ್ಟಿದವರಲ್ಲಿ ರೋಜರ್ ಕ್ಲೆಮೆನ್ಸ್ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಹಾಲ್ ಒಳಗಿದ್ದಾರೆ. ಜಾನ್ ನಿಂತಿದ್ದು 12 ಗೆಲುವು ಹಿಂದೆ.

ನೀವು ಹೇಳಿದ್ದರಲ್ಲಿ ಸರಿಯಿರುವುದನ್ನು ಮೊದಲು ಒಪ್ಪುತ್ತೇನೆ. ಜಾನ್ ಸೋತದ್ದೂ ಕಡಿಮೆಯಲ್ಲ, 231. ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಒಮ್ಮೆಯೂ ಬರಲಿಲ್ಲ. 1977 ಮತ್ತು 1979ರಲ್ಲಿ ಎರಡನೇ ಸ್ಥಾನಕ್ಕೆ ನಿಂತರು. ಮೂರು ಸಲ ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿ, ಆಡಿದರು, ಮೂರೂ ಸಲ ಅವರ ತಂಡ ಸೋತಿತು. ಬ್ಯಾಟರ್‌ಗಳನ್ನು ನಡುಗಿಸುವ ವೇಗವೂ ಅವರಿಗಿರಲಿಲ್ಲ. ಅವರ ಅಸ್ತ್ರ ಸಿಂಕರ್, ಅಂದರೆ ಬ್ಯಾಟಿನ ಹತ್ತಿರ ಬಂದಾಗ ಕೆಳಕ್ಕೆ ಇಳಿಯುವ ಚೆಂಡು. ಹೊಡೆದವರು ಅದನ್ನು ನೆಲಕ್ಕೇ ಹೊಡೆಯುತ್ತಿದ್ದರು, ಫೀಲ್ಡರ್‌ಗಳು ಹೆಕ್ಕಿ ಮೊದಲ ಬೇಸಿಗೆ ಎಸೆಯುತ್ತಿದ್ದರು. ಹೀಗೆ ಔಟ್ ಮಾಡುವ ಪಿಚರ್ ಟೀವಿಯಲ್ಲಿ ಮಿಂಚುವುದಿಲ್ಲ. ಆದರೆ ಔಟ್ ಔಟೇ ಅಲ್ವಾ?

ಈಗ ಹಾಜರಿ ಪುಸ್ತಕದ ವಿಷಯ. ಇಲ್ಲಿ ನಾನು ನಿಮ್ಮ ಜೊತೆ ಖಂಡಿತ ಜಗಳ ಆಡುತ್ತೇನೆ.

1974ರ ಜುಲೈ 17. ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ ಆ ವರ್ಷ 13 ಗೆದ್ದು ಮೂರು ಮಾತ್ರ ಸೋತಿದ್ದರು. ಮಾಂಟ್ರಿಯಲ್ ವಿರುದ್ಧ ಎಸೆಯುತ್ತಿದ್ದಾಗ ಎಡ ಮೊಣಕೈ ಒಳಬದಿಯ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿಯಿತು. ಅಲ್ಲಿಯವರೆಗೆ ಅದು ಹರಿದರೆ ಪಿಚರ್ ಕತೆ ಮುಗಿದಂತೆ. ಡಾಡ್ಜರ್ಸ್ ತಂಡದ ಡಾಕ್ಟರ್ ಫ್ರಾಂಕ್ ಜೋಬ್ ಹೊಸದೊಂದು ದಾರಿ ಯೋಚಿಸಿದರು. ಬಲ ಮುಂಗೈಯಿಂದ ಒಂದು ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ತೆಗೆಯುವುದು, ಎಡ ಮೊಣಕೈ ಮೂಳೆಗಳಲ್ಲಿ ತೂತು ಕೊರೆದು ಅದನ್ನು ಪೋಣಿಸಿ ಕಟ್ಟುವುದು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಮೊದಲೇ ಹೇಳಿದ್ದರು. ಜಾನ್‌ಗೆ ಆಗ 31 ವರ್ಷ. ಸುಮ್ನೆ ಆಟ ಬಿಟ್ಟಿದ್ದರೆ ಯಾರೂ ದೂರುತ್ತಿರಲಿಲ್ಲ. ಅವರು ಒಪ್ಪಿಕೊಂಡರು. ಸೆಪ್ಟೆಂಬರ್ 25ರಂದು ಆಪರೇಶನ್ ಆಯಿತು. ಕೈಯ ನರಕ್ಕೆ ತೊಂದರೆಯಾಗಿ ಇನ್ನೊಂದು ಆಪರೇಶನ್ ಕೂಡ ಬೇಕಾಯಿತು. 1975ರ ಸೀಸನ್ ಪೂರ್ತಿ ಹೋಯಿತು.

ಆಪರೇಶನ್‌ಗೆ ಮೊದಲು ಅವರ ಗೆಲುವು 124. ನಂತರ 164. 20ಕ್ಕಿಂತ ಕಡಿಮೆಯಿಲ್ಲದಂತೆ ಗೆದ್ದ ಮೂರು ವರ್ಷಗಳೂ (1977, 1979, 1980) ಹೊಲಿದ ಕೈಯಲ್ಲೇ ಬಂದವು. ಅದೇ ಡಾಡ್ಜರ್ಸ್‌ನ ಸ್ಯಾಂಡಿ ಕೋಫ್ಯಾಕ್ಸ್ ನೆನಪಾಗುತ್ತಾರೆ. ಅವರದ್ದೂ ಎಡಗೈ, ಮೊಣಕೈ ನೋವೇ ಅವರನ್ನು 30ನೇ ವಯಸ್ಸಿಗೆ ಮನೆಗೆ ಕಳಿಸಿತು. ಅವರ ಇಡೀ ಬದುಕಿನ ಗೆಲುವು 165. ಕೋಫ್ಯಾಕ್ಸ್ ಎತ್ತರ ಬೇರೆ, ಅವರು ಹಾಲ್ ಸೇರಿದ್ದು ಸರಿಯೇ. ಆದರೆ ಎಲ್ಲರೂ ಮುಗಿಯಿತು ಎಂದ ಮೇಲೆ ಜಾನ್ ಗೆದ್ದದ್ದು ಕೋಫ್ಯಾಕ್ಸ್ ಒಟ್ಟು ಗೆಲುವಿಗಿಂತ ಒಂದೇ ಒಂದು ಕಡಿಮೆ. ಇದನ್ನು ಹಾಜರಿ ಅಂತ ಹೇಗೆ ಕರೆಯೋದು?

ತಂಡಗಳು ಅವರನ್ನು ಅಷ್ಟು ವರ್ಷ ಆಡಿಸಿದ್ದು ಕರುಣೆಯಿಂದಲ್ಲ. ಔಟ್ ಮಾಡಲಾಗದ ಪಿಚರ್‌ನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. 1989ರ ಏಪ್ರಿಲ್‌ನಲ್ಲಿ ಯಾಂಕೀಸ್ ತಂಡ ಸೀಸನ್‌ನ ಮೊದಲ ಪಂದ್ಯಕ್ಕೆ ಚೆಂಡು ಕೊಟ್ಟಿದ್ದು ಜಾನ್ ಕೈಗೆ. 46 ತುಂಬಲು ಒಂದೂವರೆ ತಿಂಗಳಿತ್ತು. ಅವತ್ತೂ ಗೆದ್ದರು.

ಆಪರೇಶನ್ ಡಾಕ್ಟರ ಸಾಧನೆ ಎಂದಿರಿ. ನಿಜ. 2013ರಲ್ಲಿ ಹಾಲ್ ಆಫ್ ಫೇಮ್ ಜೋಬ್ ಅವರನ್ನು ಗೌರವಿಸಿತು, ಮರುವರ್ಷ ಅವರು ತೀರಿಕೊಂಡರು. ಆದರೆ ಆ ಮೊಣಕೈ ಮತ್ತೆ ಎಸೆಯಬಲ್ಲದೆಂದು ತೋರಿಸಬೇಕಾದವರು ಮೈದಾನದಲ್ಲಿದ್ದ ಪಿಚರ್. 1976ರಲ್ಲಿ 200ಕ್ಕೂ ಹೆಚ್ಚು ಇನಿಂಗ್ಸ್ ಎಸೆದು ಅವರು ತೋರಿಸಿದರು. ಅವರು ಸೋತಿದ್ದರೆ ಮುಂದಿನ ಪಿಚರ್ ಅದೇ ಟೇಬಲ್ ಮೇಲೆ ಮಲಗಲು ಒಪ್ಪುತ್ತಿದ್ದರೋ ಇಲ್ಲವೋ. ಇದೇ ಆಪರೇಶನ್ ಮಾಡಿಸಿಕೊಂಡ ಇನ್ನೊಬ್ಬ ಪಿಚರ್ ಜಾನ್ ಸ್ಮೋಲ್ಟ್ಜ್ 2015ರಲ್ಲಿ ಹಾಲ್ ಸೇರಿದರು. ಜಪಾನಿನ ಶೋಹೆ ಒಹ್ತಾನಿ 2018ರಲ್ಲಿ ಮಾಡಿಸಿಕೊಂಡು ಮತ್ತೆ ಪಿಚ್ ಮಾಡಿದರು.

ಹಾಲ್ ಸೇರಲು ಪತ್ರಕರ್ತರ ಮತದಾನದಲ್ಲಿ ಶೇ 75 ಬೇಕು. ಜಾನ್ 1995ರಿಂದ 2009ರವರೆಗೆ 15 ವರ್ಷ ಪಟ್ಟಿಯಲ್ಲಿದ್ದರು. ಕೊನೆಯ ವರ್ಷ ಸಿಕ್ಕಿದ ಶೇ 31.7 ಅವರ ಅತಿ ಹೆಚ್ಚಿನ ಮತ. ಅವರಂತೆಯೇ ಬಹುಕಾಲ ಆಡಿದ ಎಡಗೈ ಪಿಚರ್ ಜಿಮ್ ಕಾಟ್‌ಗೂ ಪತ್ರಕರ್ತರು ಬಾಗಿಲು ತೆರೆಯಲಿಲ್ಲ. ಕಾಟ್ 25 ಸೀಸನ್ ಆಡಿ ಗೆದ್ದದ್ದು 283, ಜಾನ್‌ಗಿಂತ ಐದು ಕಡಿಮೆ. ಪತ್ರಕರ್ತರು ಬಿಟ್ಟವರನ್ನು ಮತ್ತೆ ಪರಿಶೀಲಿಸುವ ಹಿರಿಯರ ಸಮಿತಿ 2021ರಲ್ಲಿ ಅವರನ್ನು ಆರಿಸಿದಾಗ ಅವರಿಗೆ 83 ವರ್ಷ. ನನಗೆ ತುಂಬಾ ಖುಷಿಯಾಗಿತ್ತು. ಅವರಿಗೆ ಸಲ್ಲುವುದು ಇವರಿಗೇಕೆ ಸಲ್ಲದು?

2024ರ ಡಿಸೆಂಬರ್‌ನಲ್ಲಿ ಅಂಥದೇ 16 ಜನರ ಸಮಿತಿಯಲ್ಲಿ 12 ಮತ ಬೇಕಿತ್ತು, ಜಾನ್‌ಗೆ ಬಂದದ್ದು 7. ಅಂದು ಆಯ್ಕೆಯಾದವರು ಡೇವ್ ಪಾರ್ಕರ್ ಮತ್ತು ಡಿಕ್ ಅಲೆನ್. 1971ರ ಡಿಸೆಂಬರ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡ ಜಾನ್ ಅವರನ್ನು ಡಾಡ್ಜರ್ಸ್‌ಗೆ ಕೊಟ್ಟು ಪಡೆದುಕೊಂಡದ್ದು ಇದೇ ಅಲೆನ್ ಅವರನ್ನು. ಗೌರವ ಬರುವ ಹೊತ್ತಿಗೆ ಅಲೆನ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಾರ್ಕರ್ ಸುದ್ದಿ ಕೇಳಿದರು, ಆದರೆ 2025ರ ಜುಲೈ ಸಮಾರಂಭಕ್ಕೆ ತಿಂಗಳಿದ್ದಾಗ ಹೋಗಿಬಿಟ್ಟರು.

ಜಾನ್ ಕಾಲದ ಆಟಗಾರರ ಹೆಸರು ಇನ್ನು ಸಮಿತಿ ಮುಂದೆ ಬರುವುದು 2027ರ ಡಿಸೆಂಬರ್‌ನಲ್ಲಿ. 1943ರಲ್ಲಿ ಹುಟ್ಟಿದ ಜಾನ್‌ಗೆ ಆಗ 84. ಅಷ್ಟರೊಳಗೆ ನಿಮ್ಮ ಮಗನಿಗೆ ಅವರು ಯಾರೆಂದು ಹೇಳಿ. ಎಡಗೈಯಲ್ಲಿ ಬಲಗೈಯ ಟೆಂಡನ್ ಇಟ್ಟುಕೊಂಡು 164 ಪಂದ್ಯ ಗೆದ್ದವರು ಅಂತ.