ಸೂಪರ್‌ಚಾರ್ಜರ್ ಕಾರಿಗೆ ಯಾವ ಸ್ಪಾರ್ಕ್ ಪ್ಲಗ್, ಎಷ್ಟು ಗ್ಯಾಪ್?

ಪ್ರಶ್ನೆ: ನಾನು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇನೆ. 2004ರ ಮಿನಿ ಕೂಪರ್ ಎಸ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಹಿಂದಿನ ಮಾಲೀಕರು ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್‌ಗೆ ಶೇ 15ರಷ್ಟು ಚಿಕ್ಕ ಪುಲ್ಲಿ ಹಾಕಿಸಿದ್ದಾರೆ. ಪ್ಲಗ್ ಹಳೆಯದಾಗಿತ್ತು ಅಂತ ಎನ್‌ಜಿಕೆ ಬಿಕೆಆರ್7ಇಐಎಕ್ಸ್-11 ಇರಿಡಿಯಂ ಪ್ಲಗ್ ತಂದೆ. ಗ್ಯಾಪ್ (ಕಿಡಿ ಹಾರುವ ಸಂದು) ನೋಡೋದೇ ಬೇಡ, ಡಬ್ಬಿಯಿಂದ ತೆಗೆದು ಹಾಗೇ ಹಾಕಿ ಅಂದರು ಅಂಗಡಿಯವರು. ಊರೊಳಗೆ ಗಾಡಿ ಚೆನ್ನಾಗಿ ಓಡುತ್ತದೆ. ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿದರೆ 5,000 ಆರ್‌ಪಿಎಂ ದಾಟುತ್ತಿದ್ದ ಹಾಗೆ ಮಿಸ್ಸಿಂಗ್ ಹೊಡೆಯುತ್ತದೆ. ಇನ್ನೂ ಒಂದು ಮೆಟ್ಟಿಲು ಕೋಲ್ಡ್ (ಬಿಸಿಯನ್ನು ಬೇಗ ಬಿಡುವ) ಪ್ಲಗ್, ಅಂದರೆ 8 ಹಾಕಲೇ?

ಉತ್ತರ: 8 ಬೇಡ. ನಿಮ್ಮ ತೊಂದರೆ ಇರುವುದು 7ರಲ್ಲಿ ಅಲ್ಲ, ಕೊನೆಯಲ್ಲಿರುವ 11ರಲ್ಲಿ.

ಪ್ಲಗ್ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದೋಣ. ಬಿ ಅಂದರೆ 14 ಮಿ.ಮೀ. ಥ್ರೆಡ್. ಕೆ ಅಂದರೆ 16 ಮಿ.ಮೀ. ಸ್ಪ್ಯಾನರ್ ಕೂರುವ ತಲೆ. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ. 7 ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಡುತ್ತದೆ ಅನ್ನೋದರ ನಂಬರ್. ಇ ಅಂದರೆ ಥ್ರೆಡ್‌ನ ಉದ್ದ 19 ಮಿ.ಮೀ. ಐಎಕ್ಸ್ ಇರಿಡಿಯಂ. ಕೊನೆಯ 11 ಅಂದರೆ ಕಾರ್ಖಾನೆಯಲ್ಲಿ ಇಟ್ಟ ಗ್ಯಾಪ್ 1.1 ಮಿ.ಮೀ. ಇದೇ ಪ್ಲಗ್ 11 ಇಲ್ಲದೆಯೂ ಸಿಗುತ್ತದೆ. ಅದರ ಗ್ಯಾಪ್ 0.8 ಮಿ.ಮೀ. ಡಬ್ಬಿಗಳು ನೋಡಲು ಒಂದೇ ಥರ ಇರುತ್ತವೆ. 1.1 ಮಿ.ಮೀ. ಗ್ಯಾಪ್ ಸೂಪರ್‌ಚಾರ್ಜರ್ ಇಲ್ಲದ ಎಷ್ಟೋ ಎಂಜಿನ್‌ಗಳಿಗೆ ಸರಿಯಾದದ್ದೇ. ನಿಮ್ಮದಕ್ಕೆ ಅದು ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಕಿಡಿ ಹಾರಬೇಕಾದರೆ ಎರಡು ಎಲೆಕ್ಟ್ರೋಡ್‌ಗಳ ನಡುವಿನ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಅದಕ್ಕೆ ಎಷ್ಟು ವೋಲ್ಟೇಜ್ ಬೇಕು ಅನ್ನೋದು ಅಲ್ಲಿನ ಒತ್ತಡ ಮತ್ತು ಗ್ಯಾಪ್ ಎರಡರ ಗುಣಲಬ್ಧದ ಮೇಲೆ ನಿಂತಿದೆ. ಇದನ್ನು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲೇ ತೋರಿಸಿಕೊಟ್ಟಿದ್ದರು. ನಿಮ್ಮ ಕಾರಿನ ಈಟನ್ ಎಂ45 ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ತುಂಬುತ್ತದೆ. ಚಿಕ್ಕ ಪುಲ್ಲಿ ಹಾಕಿದ ಮೇಲೆ ಅದು ಇನ್ನೂ ಜೋರಾಗಿ ತಿರುಗಿ ಇನ್ನೂ ಜಾಸ್ತಿ ತುಂಬುತ್ತದೆ. ಎಂಜಿನ್ ಮಾಡಿದವರಿಗೆ ಇದು ಗೊತ್ತಿದ್ದೇ ಕಂಪ್ರೆಷನ್ ರೇಷಿಯೋವನ್ನು (ಸಿಲಿಂಡರ್ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಲೆಕ್ಕ) 8.3ಕ್ಕೆ ಇಳಿಸಿದರು. ಸೂಪರ್‌ಚಾರ್ಜರ್ ಇಲ್ಲದ ಮಿನಿ ಕೂಪರ್‌ನಲ್ಲಿ ಅದು 10.6. ಹಾಗಿದ್ದರೂ ಪೂರ್ತಿ ಒತ್ತಿದಾಗ ಕಿಡಿ ಹಾರುವ ಗಳಿಗೆಯಲ್ಲಿ ಒಳಗಿನ ಒತ್ತಡ ಮಾಮೂಲಿ ಕಾರಿಗಿಂತ ಜಾಸ್ತಿಯೇ. ಆರ್‌ಪಿಎಂ ಏರಿದಂತೆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಚಾರ್ಜ್ ಆಗಲು ಸಿಗುವ ಸಮಯವೂ ಕಡಿಮೆ. ಬೇಕಾದ ವೋಲ್ಟೇಜ್ ಏರುತ್ತಾ ಹೋಗುತ್ತದೆ, ಕೊಡುವ ಶಕ್ತಿ ಇಳಿಯುತ್ತಾ ಬರುತ್ತದೆ. ನಿಮ್ಮ ಕಾರಿನಲ್ಲಿ ಎರಡೂ 5,000ದ ಹತ್ತಿರ ಸಂಧಿಸುತ್ತಿವೆ. ಅಲ್ಲಿಂದ ಮುಂದೆ ಕಿಡಿ ಒಮ್ಮೆ ಹಾರುತ್ತದೆ, ಒಮ್ಮೆ ಇಲ್ಲ.

ಹಾರದ ಕಿಡಿಯ ವೋಲ್ಟೇಜ್ ಸುಮ್ಮನೆ ಕೂರುವುದಿಲ್ಲ. ಹಳೆಯ ಪ್ಲಗ್ ವೈರಿನ ರಬ್ಬರ್ ಮೂಲಕವೋ ಪಿಂಗಾಣಿಯ ಹೊರಮೈ ಮೇಲಿಂದಲೋ ದಾರಿ ಹುಡುಕಿಕೊಳ್ಳುತ್ತದೆ. ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಮೇಲಿಂದ ಕೆಳಗೆ ಸಣ್ಣ ಕಪ್ಪು ಗೆರೆ ಕಂಡರೆ ಆ ದಾರಿ ಆಗಲೇ ಬಿದ್ದಿದೆ ಅಂತ ಅರ್ಥ. ಹಾಗಾಗಿದ್ದರೆ ಪ್ಲಗ್ ಮಾತ್ರ ಬದಲಿಸಿದರೆ ಸಾಲದು. ವೈರಿನ ರಬ್ಬರ್ ಟೋಪಿಯ ಒಳಗೂ ಅದೇ ಗೆರೆ ಇರುತ್ತದೆ, ಅದೂ ಹೋಗಬೇಕು.

ಈಗ ಮಾಡಬೇಕಾದ್ದು ಇಷ್ಟೇ. 11 ಇಲ್ಲದ ಬಿಕೆಆರ್7ಇಐಎಕ್ಸ್ ತಂದು ಗ್ಯಾಪ್ 0.8 ಇದೆಯಾ ಅಂತ ನೋಡಿ ಹಾಕಿ. ನಿಮ್ಮಲ್ಲಿ ಇಂಚಿನ ಗೇಜ್ ಇದ್ದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 32 ಪಾಲು. ಆಗಲೂ ಮೇಲಿನ ಆರ್‌ಪಿಎಂನಲ್ಲಿ ತಡವರಿಸಿದರೆ 0.7ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಹೋಗಲು ಅವಸರ ಮಾಡಬೇಡಿ. ಗ್ಯಾಪ್ ತೀರಾ ಸಣ್ಣದಾದರೆ ಕಿಡಿಯೂ ಸಣ್ಣದು. ಐಡಲ್‌ನಲ್ಲಿ ಎಂಜಿನ್ ನಡುಗುತ್ತದೆ, ಚಳಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮಿಸ್ಸಿಂಗ್ ಇಲ್ಲದೆ ಎಷ್ಟು ದೊಡ್ಡ ಗ್ಯಾಪ್ ಇಡಲು ಆಗುತ್ತದೋ ಅಷ್ಟು ಇಡುವುದೇ ಸರಿ.

ಇರುವ ಪ್ಲಗ್ಗನ್ನೇ 1.1ರಿಂದ 0.8ಕ್ಕೆ ಬಗ್ಗಿಸಬಾರದೇ ಅಂತ ನೀವು ಕೇಳಬಹುದು. ಬೇಡ. ಬಗ್ಗಿಸುವುದಾದರೆ 0.2 ಮಿ.ಮೀ. ಒಳಗೇ ಇರಬೇಕು. ಅದಕ್ಕಿಂತ ಜಾಸ್ತಿ ಬಗ್ಗಿಸಿದರೆ ಪಕ್ಕದ ಎಲೆಕ್ಟ್ರೋಡ್ ಓರೆಯಾಗುತ್ತದೆ, ಕಿಡಿ ಯಾವಾಗಲೂ ಒಂದೇ ಅಂಚಿಗೆ ಹೊಡೆಯುತ್ತದೆ. ಬಗ್ಗಿಸುವಾಗಲೂ ಪಕ್ಕದ ಪಟ್ಟಿಯನ್ನಷ್ಟೇ ಮುಟ್ಟಿ. ನಡುವಿನ ಇರಿಡಿಯಂ ತುದಿಯ ದಪ್ಪ ಬರೀ 0.6 ಮಿ.ಮೀ. ನಾಣ್ಯದ ಆಕಾರದ ಗೇಜನ್ನು ಅದಕ್ಕೆ ಆನಿಸಿ ಮೀಟಿದರೆ ತುದಿ ಮುರಿಯುತ್ತದೆ, ಇಲ್ಲವೇ ಪಿಂಗಾಣಿ ಸೀಳುತ್ತದೆ. ಬ್ಲೇಡ್ ಇರುವ ಫೀಲರ್ ಗೇಜ್ ತಗೊಳ್ಳಿ. 0.8ರ ಬ್ಲೇಡ್ ಮೆಲ್ಲಗೆ ಉಜ್ಜಿಕೊಂಡು ಹೋಗಬೇಕು, 0.85ರದ್ದು ಒಳಗೇ ಹೋಗಬಾರದು. ಡಬ್ಬಿಯ ಮೇಲೆ ಏನೇ ಬರೆದಿರಲಿ, ನಾಲ್ಕನ್ನೂ ಅಳೆಯಿರಿ. ಸಾಗಣೆಯಲ್ಲಿ ಒಂದು ಪ್ಲಗ್ ಕೆಳಗೆ ಬಿದ್ದಿದ್ದರೂ ಗ್ಯಾಪ್ ಮುಚ್ಚಿಕೊಂಡಿರುತ್ತದೆ.

ಹೀಟ್ ರೇಂಜ್ ಬೇರೆಯದೇ ವಿಷಯ. ಗ್ಯಾಪ್ ವೋಲ್ಟೇಜ್‌ಗೆ ಸಂಬಂಧಿಸಿದ್ದು, ಹೀಟ್ ರೇಂಜ್ ಬಿಸಿಗೆ ಸಂಬಂಧಿಸಿದ್ದು. ಇವೆರಡನ್ನು ಬೆರೆಸುವುದರಿಂದಲೇ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಪ್ಲಗ್‌ನ ತುದಿ 450–500 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಸಿ ತಾನಾಗಿ ಸುಟ್ಟುಹೋಗುತ್ತದೆ. 800–850 ದಾಟಿದರೆ ಆ ತುದಿಯೇ ಕಿಡಿಗೂ ಮೊದಲು ಪೆಟ್ರೋಲ್‌ಗೆ ಬೆಂಕಿ ಹಚ್ಚುತ್ತದೆ. ಆಮೇಲೆ ಪಿಸ್ಟನ್ ಉಳಿಯುವುದು ಕಷ್ಟ. ಇವೆರಡರ ಮಧ್ಯೆ ತುದಿಯನ್ನು ಇಡುವುದೇ ಹೀಟ್ ರೇಂಜ್‌ನ ಕೆಲಸ. ಕೋಲ್ಡ್ ಪ್ಲಗ್‌ನಲ್ಲಿ ಪಿಂಗಾಣಿಯ ಮೂಗು ಗಿಡ್ಡ, ಬಿಸಿ ಬೇಗ ಹೆಡ್‌ಗೆ (ಪ್ಲಗ್ ಕೂರುವ ಎಂಜಿನ್‌ನ ಮೇಲ್ಭಾಗ) ಇಳಿದುಹೋಗುತ್ತದೆ. ಒಂದು ಮೆಟ್ಟಿಲಿಗೆ ಸುಮಾರು 70ರಿಂದ 100 ಡಿಗ್ರಿ ವ್ಯತ್ಯಾಸ. ಎಂಜಿನ್ ಇದರಿಂದ ತಣ್ಣಗಾಗುವುದಿಲ್ಲ, ಪವರ್ ಕೂಡ ಏರುವುದಿಲ್ಲ.

ಎನ್‌ಜಿಕೆಯವರ ಒರಟು ಲೆಕ್ಕ ಒಂದಿದೆ. ಮೂಲ ಎಂಜಿನ್‌ಗಿಂತ 75ರಿಂದ 100 ಅಶ್ವಶಕ್ತಿ ಜಾಸ್ತಿಯಾದರೆ ಒಂದು ಮೆಟ್ಟಿಲು ಕೋಲ್ಡ್. ಬರೀ ಒಂದು ಚಿಕ್ಕ ಪುಲ್ಲಿ ಅದರ ಹತ್ತಿರವೂ ಹೋಗುವುದಿಲ್ಲ. ನಿಮ್ಮ ಕಾರಿಗೆ ಬಂದದ್ದು 6. ಇದಕ್ಕಿಂತ ಪವರ್ ಜಾಸ್ತಿಯಿರುವ ಜಾನ್ ಕೂಪರ್ ವರ್ಕ್ಸ್ ಕಿಟ್‌ಗೆ ತಯಾರಕರೇ ಕೊಟ್ಟದ್ದು 7. ಹಾಗಾಗಿ ನಿಮಗೆ 7 ಧಾರಾಳ. 8 ಹಾಕಿ, ಚಳಿಗಾಲದಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವಷ್ಟೇ ಓಡಿಸಿದರೆ ಕೆಲವೇ ವಾರಗಳಲ್ಲಿ ತುದಿ ಮಸಿ ಹಿಡಿದು ಕಪ್ಪಾಗುತ್ತದೆ.

ನಿಮ್ಮ ಎಂಜಿನ್‌ನಲ್ಲಿ ಇನ್ನೊಂದು ಸ್ವಭಾವ ಇದೆ. ಒಂದೇ ಕಾಯಿಲ್ ಪ್ಯಾಕ್‌ನಿಂದ ನಾಲ್ಕು ವೈರ್ ಹೋಗುತ್ತವೆ. 1 ಮತ್ತು 4ನೇ ಸಿಲಿಂಡರ್‌ಗೆ ಒಟ್ಟಿಗೆ ಕಿಡಿ, 2 ಮತ್ತು 3ಕ್ಕೆ ಒಟ್ಟಿಗೆ. ಪ್ರತಿ ಜೋಡಿಯಲ್ಲಿ ಒಂದು ಪ್ಲಗ್‌ನಲ್ಲಿ ಕಿಡಿ ನಡುವಿನಿಂದ ಪಕ್ಕಕ್ಕೆ ಹಾರಿದರೆ ಇನ್ನೊಂದರಲ್ಲಿ ಪಕ್ಕದಿಂದ ನಡುವಿಗೆ. ಆದ್ದರಿಂದ ಎರಡು ಪ್ಲಗ್‌ಗಳಲ್ಲಿ ಪಕ್ಕದ ನಿಕ್ಕಲ್ ಪಟ್ಟಿ ಬೇಗ ಸವೆಯುತ್ತದೆ, ಗ್ಯಾಪ್ ದೊಡ್ಡದಾಗುತ್ತದೆ. ಸರ್ವಿಸ್ ಮಾಡಿಸುವಾಗ ನಾಲ್ಕನ್ನೂ ಬಿಚ್ಚಿ ಅಳೆಯಲು ಹೇಳಿ. ಒಂದನ್ನು ನೋಡಿ ಉಳಿದ ಮೂರೂ ಹಾಗೇ ಇರುತ್ತವೆ ಅಂದುಕೊಳ್ಳಲು ಈ ಎಂಜಿನ್‌ನಲ್ಲಿ ಆಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಹಳೆಯ ಮರ್ಸಿಡಿಸ್ ಸಿ200 ಕಂಪ್ರೆಸರ್ ಇಟ್ಟುಕೊಂಡಿದ್ದೇನೆ. ಸಿಟಿಯಲ್ಲಿ ಏನೂ ತೊಂದರೆ ಇಲ್ಲ. ಮಂಗಳೂರಿಗೆ ಹೋಗಿ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರುವಾಗ ಜರ್ಕ್ ಹೊಡೆಯಿತು, ಚೆಕ್ ಎಂಜಿನ್ ಲೈಟ್ ಮಿನುಗಿತು. ಸಕಲೇಶಪುರಕ್ಕೆ ಬರುವಷ್ಟರಲ್ಲಿ ಸರಿಹೋಯಿತು. ಪೆಟ್ರೋಲ್ ಸರಿಯಿಲ್ಲ ಅಂತಾರೆ ಮೆಕ್ಯಾನಿಕ್. ನಿಜವೇ?

ಉತ್ತರ: ಇರಬಹುದು, ಆದರೆ ನಾನು ಮೊದಲು ನೋಡುವುದು ಪ್ಲಗ್. ನೀವು ಹೇಳಿದ ಜಾಗವೇ ಸುಳಿವು ಕೊಡುತ್ತಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಬೆಲ್ಟ್‌ನಿಂದ ತಿರುಗುವ ನಿಮ್ಮ ಸೂಪರ್‌ಚಾರ್ಜರ್ ಸುತ್ತಿಗೆ ಇಷ್ಟು ಅಂತ ಗಾಳಿ ಎಳೆದುಕೊಳ್ಳುತ್ತದೆ. ಹೊರಗಿನ ಗಾಳಿ ದಟ್ಟವಾಗಿದ್ದರೆ ಸಿಲಿಂಡರ್ ಒಳಗಿನ ಒತ್ತಡವೂ ಏರುತ್ತದೆ. ಘಾಟಿಯ ಬುಡದಲ್ಲಿ ಗಾಳಿ ದಟ್ಟ, ಜೊತೆಗೆ ಏರು, ಕಾರಿನ ತುಂಬ ಜನ, ಕಾಲು ಪೂರ್ತಿ ಕೆಳಗೆ. ಪ್ಲಗ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಬೇರೆ ಇಲ್ಲ. ಸವೆದು ಗ್ಯಾಪ್ ದೊಡ್ಡದಾದ ಪ್ಲಗ್ ಜಯನಗರದ ಟ್ರಾಫಿಕ್‌ನಲ್ಲಿ ತನ್ನ ಕಷ್ಟ ತೋರಿಸುವುದಿಲ್ಲ, ಅಲ್ಲಿ ತೋರಿಸುತ್ತದೆ.

ಸ್ಕ್ಯಾನರ್ ಹಾಕಿಸಿ. ಪಿ0301ರಿಂದ ಪಿ0304ರ ಒಳಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ನಿಮ್ಮ ಎಂಜಿನ್‌ನಲ್ಲಿ ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇದ್ದರೆ ಹೀಗೆ ಮಾಡಿ. ಆ ಸಿಲಿಂಡರ್‌ನ ಕಾಯಿಲನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ ಓಡಿಸಿ. ಕೋಡ್ ಕಾಯಿಲ್ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ ಬಿಚ್ಚಿ. ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ನಿಂತಿದೆಯಾ ಅಂತಲೂ ನೋಡಿ. ಮೇಲಿನ ಕವರ್‌ನ ಗ್ಯಾಸ್ಕೆಟ್ ಸೋರಿದರೆ ಆಯಿಲ್ ಕಾಯಿಲ್‌ನ ರಬ್ಬರನ್ನು ತಿನ್ನುತ್ತದೆ.

ಹೊಸ ಪ್ಲಗ್ ನಿಮ್ಮ ಎಂಜಿನ್ ನಂಬರ್‌ಗೆ ತಯಾರಕರು ಹೇಳಿದ್ದೇ ಇರಲಿ. ನೀವು ಪುಲ್ಲಿ ಬದಲಿಸಿಲ್ಲ, ಸಾಫ್ಟ್‌ವೇರ್ ಮುಟ್ಟಿಲ್ಲ. ಕೋಲ್ಡ್ ಪ್ಲಗ್ ನಿಮಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ. ಮೆಕ್ಯಾನಿಕ್ ಹೇಳಿದ ಪೆಟ್ರೋಲ್ ಮಾತನ್ನೂ ಪರೀಕ್ಷಿಸಬಹುದು. ಬಿಚ್ಚಿದ ಪ್ಲಗ್‌ನ ಮೂಗನ್ನು ಭೂತಗನ್ನಡಿ ಹಿಡಿದು ನೋಡಿ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಆರೋಗ್ಯ. ಕಾಳುಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳೋ, ಮಿರುಗುವ ಅಲ್ಯೂಮಿನಿಯಂ ಹರಳುಗಳೋ ಕಂಡರೆ ಎಂಜಿನ್ ನಾಕ್ ಆಗಿದೆ, ಅಂದರೆ ಒಳಗೆ ಪೆಟ್ರೋಲ್ ಕ್ರಮ ತಪ್ಪಿ ಸಿಡಿದಿದೆ. ಆಗ ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ಓದಿ, ಅಲ್ಲಿ ಬರೆದ ಆಕ್ಟೇನ್‌ಗಿಂತ (ನಾಕ್ ತಡೆಯುವ ಗುಣದ ನಂಬರ್) ಕಡಿಮೆ ಹಾಕಬೇಡಿ. ಕಡಿಮೆ ಆಕ್ಟೇನ್‌ನ ತೊಂದರೆಯನ್ನು ಯಾವ ಪ್ಲಗ್ ಕೂಡ ಸರಿಮಾಡುವುದಿಲ್ಲ. ಲೈಟ್ ಮಿನುಗುತ್ತಿರುವಾಗ ಒತ್ತಿ ಓಡಿಸಲೂಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಟ್ಟುಬಿಡುತ್ತದೆ.

ಪ್ರಶ್ನೆ: ನಂಬರ್ ದೊಡ್ಡದಾದಷ್ಟೂ ಕೋಲ್ಡ್ ಪ್ಲಗ್, ಸರಿ ತಾನೇ? ಟರ್ಬೊ ಕಾರಿಗೂ ಇದೇ ನಿಯಮವಾ?

ಉತ್ತರ: ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಸರಿ. ಎನ್‌ಜಿಕೆ 6ಕ್ಕೆ ಡೆನ್ಸೊ 20 ಸಮ, 7ಕ್ಕೆ 22, 8ಕ್ಕೆ 24. ಬಾಷ್ ಮತ್ತು ಚಾಂಪಿಯನ್‌ನಲ್ಲಿ ತದ್ವಿರುದ್ಧ, ನಂಬರ್ ದೊಡ್ಡದಾದರೆ ಹಾಟ್. ಕಂಪನಿ ಬದಲಿಸುವಾಗ ನಂಬರ್‌ಗೆ ನಂಬರ್ ಹೊಂದಿಸಬೇಡಿ, ಕಂಪನಿಯ ಪಟ್ಟಿ ನೋಡಿಯೇ ತಗೊಳ್ಳಿ. ಟರ್ಬೊಗೂ ಲೆಕ್ಕ ಒಂದೇ. ಒತ್ತಡ ಜಾಸ್ತಿ ಇರುವಲ್ಲಿ ಗ್ಯಾಪ್ ಕಡಿಮೆ.

ಪ್ರಶ್ನೆ: ಪ್ಲಗ್ ನಾನೇ ಬದಲಿಸಬೇಕು ಅಂತಿದ್ದೇನೆ. ಥ್ರೆಡ್‌ಗೆ ಗ್ರೀಸ್ ಹಚ್ಚಬೇಕೇ? ಎಷ್ಟು ಬಿಗಿ ಮಾಡಬೇಕು? ಹಳೆಯ ಪ್ಲಗ್‌ನ ಪಿಂಗಾಣಿಗೆ ಕಂದು ಬಣ್ಣದ ಉಂಗುರ ಕಟ್ಟಿದೆ, ಗ್ಯಾಸ್ ಲೀಕ್ ಆಗುತ್ತಿದೆಯೇ?

ಉತ್ತರ: ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ಎಳೆದರೆ ಥ್ರೆಡ್ ಕಿತ್ತು ಬರುತ್ತದೆ. ಬಿಚ್ಚುವ ಮೊದಲು ಗುಂಡಿಗೆ ಗಾಳಿ ಹೊಡೆದು ಮಣ್ಣು, ಕಸ ಹಾರಿಸಿ. ಹೊಸ ಪ್ಲಗ್‌ಗೆ ಗ್ರೀಸ್ ಬೇಡ, ಆಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ಕೂಡ ಬೇಡ. ಥ್ರೆಡ್‌ಗೆ ಕಾರ್ಖಾನೆಯಲ್ಲೇ ಲೇಪ ಕೊಟ್ಟಿರುತ್ತಾರೆ. ಮೇಲೆ ಮತ್ತೇನಾದರೂ ಹಚ್ಚಿದರೆ ರೆಂಚ್ ತೋರಿಸುವುದಕ್ಕಿಂತ ಜಾಸ್ತಿ ಬಿಗಿಯಾಗುತ್ತದೆ, ಪ್ಲಗ್‌ನ ಕುತ್ತಿಗೆ ಹಿಗ್ಗುತ್ತದೆ.

ಮೊದಲು ಎಕ್ಸ್‌ಟೆನ್ಷನ್ ರಾಡ್ ಮಾತ್ರ ಹಿಡಿದು ಬೆರಳಲ್ಲೇ ತಿರುಗಿಸಿ ಕೂರಿಸಿ. ಎಲ್ಲಾದರೂ ಹಿಡಿದುಕೊಂಡರೆ ಬಲ ಹಾಕಬೇಡಿ, ಬಿಚ್ಚಿ ಮತ್ತೆ ಶುರು ಮಾಡಿ. ಅಲ್ಯೂಮಿನಿಯಂ ಹೆಡ್‌ಗೆ ವಾಷರ್ ಇರುವ 14 ಮಿ.ಮೀ. ಪ್ಲಗ್ ಆದರೆ 25ರಿಂದ 30 ನ್ಯೂಟನ್ ಮೀಟರ್, 12 ಮಿ.ಮೀ. ಆದರೆ 15ರಿಂದ 20. ಟಾರ್ಕ್ ರೆಂಚ್ ಇಲ್ಲದಿದ್ದರೆ, ಹೊಸ 14 ಮಿ.ಮೀ. ಪ್ಲಗ್ ಬೆರಳಲ್ಲಿ ಕೂತ ಮೇಲೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಸುತ್ತು. ಒಮ್ಮೆ ಒತ್ತಿಹೋದ ವಾಷರ್ ಇರುವ ಹಳೆಯ ಪ್ಲಗ್ ಆದರೆ ಗಡಿಯಾರದ ಮುಖದ ಮೇಲೆ 12ರಿಂದ 1ಕ್ಕೆ ಇರುವಷ್ಟು ತಿರುಗಿಸಿದರೆ ಸಾಕು. ಸಡಿಲ ಬಿಡುವುದೂ ಅಪಾಯವೇ. ಪ್ಲಗ್‌ನ ಬಿಸಿ ಹೆಡ್‌ಗೆ ಇಳಿಯುವುದು ಆ ವಾಷರ್ ಮತ್ತು ಥ್ರೆಡ್ ಮೂಲಕ. ಸರಿಯಾಗಿ ಕೂರದಿದ್ದರೆ 7ರ ಪ್ಲಗ್ ಕೂಡ 5ರ ಹಾಗೆ ಕಾಯುತ್ತದೆ.

ಇರಿಡಿಯಂ ತುದಿಗೆ ಎಮರಿ ಪೇಪರ್ ಅಥವಾ ತಂತಿ ಬ್ರಷ್ ತಾಗಿಸಬೇಡಿ. ಹ್ಯಾಕ್ಸಾ ಬ್ಲೇಡ್ ತೂರಿಸಿ ಗ್ಯಾಪ್ ನೋಡುವ ರೂಢಿ ಬೈಕ್ ಶೆಡ್‌ಗಳಲ್ಲಿ ಈಗಲೂ ಇದೆ. ಈ ಪ್ಲಗ್‌ಗಳಿಗೆ ಅದು ನಡೆಯುವುದಿಲ್ಲ.

ಕಂದು ಉಂಗುರಕ್ಕೆ ಹೆದರಬೇಡಿ. ಜಾಸ್ತಿ ವೋಲ್ಟೇಜ್ ಇರುವಲ್ಲಿ ಪಿಂಗಾಣಿಯ ಸುತ್ತ ಗಾಳಿಯಲ್ಲಿನ ಆಯಿಲ್ ಕಣಗಳು ಬಂದು ಅಂಟಿ ಆ ಕಲೆ ಆಗುತ್ತದೆ. ಕೊರೋನಾ ಕಲೆ ಅಂತಾರೆ. ಲೀಕ್ ಅಂದುಕೊಂಡು ಒಳ್ಳೆಯ ಪ್ಲಗ್ ಎಸೆಯುವವರು ತುಂಬ ಜನ. ಉಂಗುರದ ಹಾಗೆ ಸುತ್ತಲೂ ಇದ್ದರೆ ಬಿಟ್ಟುಬಿಡಿ. ಮೇಲಿಂದ ಕೆಳಕ್ಕೆ ಕಪ್ಪು ಗೆರೆಯಾಗಿ ಇಳಿದಿದ್ದರೆ ಮಾತ್ರ ಪ್ಲಗ್ ಮತ್ತು ರಬ್ಬರ್ ಟೋಪಿ ಎರಡನ್ನೂ ಬದಲಿಸಿ.